ಸೋಫಾ ಬಂತು, ಗುರುವಾರ ಹೋಯಿತು

ಈಚೆಗೆ ನಮ್ಮ ಮನೆಯನ್ನು ಜನ ಎಷ್ಟು ಹೊಗಳಿದರೆಂದರೆ, ಕೊನೆಗೆ ಅವರು ಬರುವುದೇ ನಿಂತುಹೋಯಿತು.

ನಂಬುವುದಿಲ್ಲವೇ? ನಾನೂ ಮೊದಲು ನಂಬಿರಲಿಲ್ಲ.

ಇದೆಲ್ಲ ಶುರುವಾಗಿದ್ದು ಭಾಲ್ಕಿಯಲ್ಲಿ. ನನ್ನ ಜೊತೆ ಕಾಲೇಜಿನಲ್ಲಿ ಪಾಠ ಮಾಡುವ ವೈಶಾಲಿ ತನ್ನ ಹಳೇ ಮನೆಗೆ ಹೊಸ ರೂಪ ಕೊಟ್ಟು ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದಳು. ಒಳಗೆ ಕಾಲಿಟ್ಟರೆ ಮನೆಯೋ ಹೋಟೆಲ್ಲೋ ತಿಳಿಯಲಿಲ್ಲ. ಫಾಲ್ಸ್ ಸೀಲಿಂಗ್, ಅದರೊಳಗಿಂದ ಇಣುಕುವ ಹಳದಿ ಬೆಳಕು, ಎಲ್ ಆಕಾರದ ಸೋಫಾ, ಟಿವಿ ಹಿಂದೆ ಮರದ ಪ್ಯಾನೆಲ್. ಬೀದರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಪಕ್ಕದಲ್ಲಿದ್ದ ನಮ್ಮವರಿಗೆ ವಿಷಯ ಅರ್ಥವಾಯಿತು. (ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಗಂಡಸಿಗೆ ಇಷ್ಟಾದರೂ ಅರ್ಥವಾಗದಿದ್ದರೆ ಹೇಗೆ?)

“ನಮ್ಮ ಮನಿಗೂ ಮಾಡ್ಸೋಣೇನು?” ಎಂದರು.

“ನಾ ಏನರ ಅಂದೆನಾ?” ಎಂದೆ.

ಮರುವಾರವೇ ಇಂಟೀರಿಯರ್ ಮಾಡುವವನು ಟೇಪು ಹಿಡಿದು ಬೀದರಿನ ಚಿದ್ರಿ ಬಡಾವಣೆಯ ನಮ್ಮ ಮನೆಯ ಹಾಲಿನಲ್ಲಿ ನಿಂತಿದ್ದ.

ಮನೆ ಮಾವನ ತಂದೆಯ ಕಾಲದ್ದು. ಮಾವ ಈಗಿಲ್ಲ. ಅತ್ತೆ ನಮ್ಮ ಜೊತೆಗಿದ್ದಾರೆ. ಔರಾದ ತಾಲೂಕಿನ ಎಕಂಬಾ, ಚಿಂತಾಕಿ ಊರುಗಳ ಶಾಲೆಗಳಲ್ಲಿ ಕಲಿಸಿ ರಿಟೈರ್ ಆದವರು. ಹಾಗಾಗಿ ಇಡೀ ಓಣಿಗೆ ಅವರು ‘ಅಕ್ಕೋರು’. ಎರಡೂ ಮೊಣಕಾಲು ಕೈಕೊಟ್ಟು ನಾಲ್ಕೈದು ವರ್ಷವಾಯಿತು. ವಾಕರ್ ಹಿಡಿದು ಕೋಣೆಯಿಂದ ಹಾಲಿಗೆ ಬರುವುದೇ ಅವರಿಗೆ ದೊಡ್ಡ ಪ್ರಯಾಣ. ಚರ್ಚಿಗೂ ತಿಂಗಳಿಗೊಮ್ಮೆ ಮಾತ್ರ, ಅದೂ ಇಬ್ಬರು ಹಿಡಿದುಕೊಂಡರೆ.

ಅವರಿಗೆ ಉಳಿದಿರುವುದು ಗುರುವಾರ.

ಗುರುವಾರ ಸಂಜೆ ಐದಕ್ಕೆ ನಮ್ಮ ಓಣಿಯ ಕ್ರೈಸ್ತ ಮನೆಗಳವರು ನಮ್ಮ ಹಾಲಿನಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಾರೆ. ಮಾವನ ತಂದೆ ಇದ್ದಾಗಿನಿಂದಲೂ ಹಾಗೆಯೇ. ಓಣಿಯಲ್ಲಿ ನಮ್ಮದೇ ದೊಡ್ಡ ಹಾಲು ಎನ್ನುವುದೊಂದೇ ಅದಕ್ಕೆ ಕಾರಣ. ಢೋಲಕ್, ತಾಳ, ಕನ್ನಡದಲ್ಲಿ ಎರಡು ಹಾಡು, ಮರಾಠಿಯಲ್ಲಿ ಒಂದು, ಪ್ರಾರ್ಥನೆ, ಆಮೇಲೆ ಚಹಾ ಮತ್ತು ಸುಸಲಾ, ಅಂದರೆ ಮಂಡಕ್ಕಿ ಒಗ್ಗರಣೆ. ಸುಸಲಾ ತಿನ್ನುವಾಗ ಯಾರ ಮಗಳಿಗೆ ವರ ಸಿಕ್ಕ, ಯಾರ ಬಿಪಿ ಏರಿತು ಎಂಬ ಸುದ್ದಿ. (ಪ್ರಾರ್ಥನೆಗಿಂತ ಇದು ಉದ್ದ. ದೇವರು ಕ್ಷಮಿಸುತ್ತಾನೆ, ಅವನೂ ಕೇಳುತ್ತಿರುತ್ತಾನಲ್ಲ!)

ಆ ಹಳೇ ಹಾಲಿನಲ್ಲಿ ಏನಿತ್ತು? ನೋಡುವಂಥದ್ದು ಏನೂ ಇರಲಿಲ್ಲ. ಗೋಡೆಗುಂಟ ಒಂಬತ್ತು ಕುರ್ಚಿ, ಒಂದಕ್ಕೊಂದು ಸಂಬಂಧವಿಲ್ಲದವು. ಒಂದು ಕಬ್ಬಿಣದ ಪಲ್ಲಂಗ. ಉಳಿದವರಿಗೆ ನೆಲದ ಮೇಲೆ ಸತರಂಜಿ. (ಜಮಖಾನೆಗೆ ನಮ್ಮ ಕಡೆ ಹಾಗೆನ್ನುತ್ತಾರೆ.) ಸುಣ್ಣಕ್ಕೆ ಒಂದಿಷ್ಟು ನೀಲಿ ಬೆರೆಸಿ ಹೊಡೆದ ಗೋಡೆ. ಆ ಗೋಡೆಯ ಮೇಲೆ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ಸಾಲಾಗಿ ಎಣ್ಣೆಯ ಕಲೆಗಳು.

ಹೌದು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ. ನೆಲಕ್ಕೆ ಕೂತವರು ಗೋಡೆಗೆ ಒರಗಿ ಒರಗಿ ಆದದ್ದು. ಯಾವ ಕಲೆ ಯಾರದು ಎಂದು ಎಲ್ಲರಿಗೂ ಗೊತ್ತಿತ್ತು. ಕಿಟಕಿ ಪಕ್ಕದ್ದು ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಸುಗಂಧಾಬಾಯಿಯದು. ಮೂಲೆಯ ದೊಡ್ಡದು ಪ್ರಾರ್ಥನೆಯ ನಡುವೆ ನಿದ್ದೆ ಹೋಗುತ್ತಿದ್ದ ಮಾವನದು. ಕ್ರಿಸ್ಮಸ್ಸಿಗೆ ಮೊದಲು ಗುರುವಾರದವರೇ ಬಂದು ಸಾಮಾನು ಅಂಗಳಕ್ಕೆ ಸಾಗಿಸಿ, ಗೋಡೆ ಕೆರೆದು ಸುಣ್ಣ ಹೊಡೆಯುತ್ತಿದ್ದರು. ನಾವು ಅವರಿಗೆ ಊಟ ಹಾಕುತ್ತಿದ್ದೆವು. ಜನವರಿ ಮುಗಿಯುವುದರೊಳಗೆ ಕಲೆಗಳು ತಮ್ಮ ತಮ್ಮ ಜಾಗಕ್ಕೆ ವಾಪಸು.

ಔರಾದದಿಂದ ಸೊಸೆಯಾಗಿ ಬಂದ ಮೊದಲ ಗುರುವಾರ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ತುಂಬಿದ ಹಾಲು, ಎಲ್ಲಿ ಕೂಡಬೇಕೋ ಗೊತ್ತಾಗುತ್ತಿಲ್ಲ. ಸುಗಂಧಾಬಾಯಿ ಒಂದು ಗೇಣು ಸರಿದು, ಸತರಂಜಿಯನ್ನು ತಟ್ಟಿ, “ಬಾರವ್ವ, ಇಲ್ಲಿ ಕೂಡು” ಎಂದರು. ಕೂತೆ. ಈ ಮನೆ ನನ್ನದಾದದ್ದು ಆವತ್ತು. ತಾಳಿ ಕಟ್ಟಿದ ದಿನವಲ್ಲ.

ಅಂಥ ಹಾಲನ್ನು ನೋಡಿ ಇಂಟೀರಿಯರ್‌ನವನು, “ಮೇಡಂ, ಸ್ಪೇಸ್ ಭಾಳ ವೇಸ್ಟ್ ಆಗ್ಯದ” ಎಂದ. ನಾನು ತಲೆಯಾಡಿಸಿದೆ! ಈಗ ನೆನೆದರೆ ನನ್ನ ತಲೆಗೇ ಒಂದು ಮೊಟಕಬೇಕು ಎನಿಸುತ್ತದೆ.

ಅತ್ತೆಯನ್ನು ಕೇಳಿದೆವು. ಕೇಳದೆ ಮಾಡಲಿಲ್ಲ. “ನಿನಗ ಹ್ಯಾಂಗ ಬೇಕೋ ಹಂಗ ಮಾಡ್ಸವ್ವ” ಎಂದಷ್ಟೇ ಅಂದರು.

ಒಂದು ತಿಂಗಳು ಗುರುವಾರದ ಕೂಟಕ್ಕೆ ರಜೆ ಕೊಟ್ಟು ಧೂಳು ತಿಂದೆವು. ಕುರ್ಚಿಗಳು ಎಕಂಬಾಕ್ಕೆ ಅತ್ತೆಯ ತಮ್ಮನ ಮನೆಗೆ ಹೋದವು. ಕಲೆಗಳಿದ್ದ ಗೋಡೆಗೆ ಪ್ಯಾನೆಲ್ ಬಂತು. ಉಳಿದ ಗೋಡೆಗಳಿಗೆ ಬೂದು ಬಣ್ಣ. (ನಾನು ಬೂದು ಅಂದೆ, ಅವನು ‘ಮೌಸ್ ಗ್ರೇ’ ಅಂದ. ಗೋಡೆಗೆ ಇಲಿಯ ಬಣ್ಣ ಹೊಡೆಸಿಕೊಂಡು ಖುಷಿಪಡುವ ಕಾಲ ಇದು.) ಎಲ್ ಆಕಾರದ ಸೋಫಾ ಬಂತು. ಅದರ ಮುಂದೆ ಹಾಲಿನ ಕೆನೆಯಂಥ ಕಾರ್ಪೆಟ್ ಹಾಸಿದೆವು. ನಾನು ಫೋಟೋ ತೆಗೆದು ವೈಶಾಲಿಗೆ ಕಳಿಸಿದೆ.

ಗುರುವಾರ ಬಂತು.

ಹದಿನೆಂಟು ಜನ. ಅಂದು ಎಲ್ಲರೂ ಅಂಗಳದ ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ಬಂದರು. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ. “ಏನ್ ಛಂದ ಮಾಡೀರ್ರಿ!” “ಮ್ಯಾಲ ನೋಡ್ರಿ, ಟಾಕೀಸ್ ಇದ್ದಂಗ ಅದ!” “ಕಾಲ ಇಡ್ಲಾಕ ಅಂಜಿಕಿ ಆಗ್ತದ್ರಿ!” ನಾನು ಹಿಗ್ಗಿ ಹೀರೇಕಾಯಿಯಾದೆ.

ಸೋಫಾದಲ್ಲಿ ನಾಲ್ವರು ಕೂತರು, ಅದೂ ತುದಿಯಲ್ಲಿ, ಬಸ್ ಬಂದರೆ ಎದ್ದು ಓಡುವವರ ಹಾಗೆ. ಉಳಿದವರು ಕಾರ್ಪೆಟ್ಟಿನ ಸುತ್ತ ಬರೀ ಟೈಲ್ಸಿನ ಮೇಲೆ. ನಡುವೆ ಕೆರೆಯೊಂದಿದೆ, ಬಿದ್ದರೆ ಮುಳುಗುತ್ತೇವೆ ಎಂಬಂತೆ ಯಾರೂ ಅದರ ಮೇಲೆ ಕೂಡಲಿಲ್ಲ. ಸುಗಂಧಾಬಾಯಿ ಪ್ಯಾನೆಲ್‌ನಿಂದ ಒಂದು ಗೇಣು ದೂರ, ಬೆನ್ನು ನೆಟ್ಟಗೆ ಮಾಡಿ ಕೂತರು. ಎಪ್ಪತ್ತೈದು ದಾಟಿದ ಹೆಂಗಸು.

ಹಾಡು ಎಂದಿನಷ್ಟು ಏರಲಿಲ್ಲ. ಚಹಾ ತಂದೆ. “ಈಗೇ ಕುಡ್ದು ಬಂದೇವ್ರಿ.” ಒಬ್ಬೊಬ್ಬರದೂ ಅದೇ ಮಾತು. ಇಡೀ ಓಣಿ ಒಂದೇ ಹೊತ್ತಿಗೆ ಚಹಾ ಕುಡಿದು ಬಂದಿತ್ತೇ? ಸುಗಂಧಾಬಾಯಿ ಒಬ್ಬರೇ ಕಪ್ಪು ತೆಗೆದುಕೊಂಡರು. ಅವರು ಅದನ್ನು ಟೀಪಾಯಿಯ ಮೇಲೆ ಇಡಲು ಹೋದಾಗ ನಾನು ಏನು ಮಾಡಿದೆ ಗೊತ್ತೇ? ಓಡಿಹೋಗಿ ಕೆಳಗೊಂದು ಕೋಸ್ಟರ್ ಸರಿಸಿದೆ.

“ಇದೇನವ್ವ?”

“ಕೋಸ್ಟರ್ ರಿ. ಕಪ್ಪು ಇಡ್ಲಾಕ. ಟೀಪಾಯಿ ಮ್ಯಾಲ ಕಲಿ ಆಗಬಾರ್ದು ಅಂತ.”

ಅವರು ಅದನ್ನು ತಿರುಗಿಸಿ ನೋಡಿದರು. ಮೇಲೆ ಹೂವಿನ ಚಿತ್ರವಿತ್ತು. “ಇಷ್ಟು ಛಂದ ಅದ. ಖರಾಬ ಆಗ್ತದ ಬಿಡು” ಎಂದು ಕಪ್ಪನ್ನು ಕೊನೆಯವರೆಗೂ ಕೈಯಲ್ಲೇ ಹಿಡಿದುಕೊಂಡರು.

ಮುಂದಿನ ವಾರ ಸುದ್ದಿ ಬಂತು: ಈ ಗುರುವಾರ ಪ್ರಾರ್ಥನೆ ಸುಗಂಧಾಬಾಯಿಯ ಮನೆಯಲ್ಲಿ. ಅದರ ಮುಂದಿನ ವಾರವೂ ಅಲ್ಲೇ. ಮೂರನೆಯ ವಾರ ಸುದ್ದಿಯೂ ಬರಲಿಲ್ಲ.

ಅವರ ಮನೆ ಎರಡು ಸಂದಿ ಆಚೆ. ಮುಂದೆ ಕಡಿದಾದ ಏಳು ಮೆಟ್ಟಿಲು, ಆಟೋ ಹೋಗುವುದಿಲ್ಲ. ಅತ್ತೆ ಹೇಗೆ ಹೋಗಬೇಕು? ಆ ಮೂರನೆಯ ಗುರುವಾರ ಸಂಜೆ ನಾನು ಕಾಲೇಜಿನಿಂದ ಬಂದಾಗ ಅವರು ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ತಲೆ ಬಾಚಿಕೊಂಡು, ಹಾಡಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಿದ್ದರು. ದೂರದಿಂದ ಢೋಲಕ್ ಕೇಳುತ್ತಿತ್ತು. ಅವರು ತುಟಿ ಅಲ್ಲಾಡಿಸುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ನನಗೆ ಸಿಟ್ಟು ಬಂತು. ಮುದುಕಿಯ ಮೊಣಕಾಲು ಗೊತ್ತಿದ್ದೂ ಕೂಟವನ್ನು ಎತ್ತಿಕೊಂಡು ಹೋಗುವುದೇ? ನಮ್ಮ ಸೋಫಾ ನೋಡಿ ಹೊಟ್ಟೆಕಿಚ್ಚೇ? ಚಪ್ಪಲಿ ಮೆಟ್ಟಿ ಹೊರಟೆ. ಪ್ರಾರ್ಥನೆ ಮುಗಿದಿತ್ತು. ಸುಗಂಧಾಬಾಯಿ ಬಾಗಿಲಲ್ಲೇ ಸಿಕ್ಕರು.

“ನಮ್ಮ ಅತ್ತಿ ಒಬ್ರೇ ಕುಂತಾರ್ರಿ ಅಲ್ಲಿ. ನಿಮಗ ಹ್ಯಾಂಗ ಮನಸ್ಸು ಬಂತು?” ಎಂದು ಒಂದೇ ಉಸಿರಿಗೆ ಕೇಳಿಬಿಟ್ಟೆ.

ಅವರು ನನ್ನ ಕೈ ಹಿಡಿದರು. “ಸಿಟ್ಟಿಗಿ ಬರಬ್ಯಾಡವ್ವ. ಅಕ್ಕೋರೇ ಫೋನ್ ಮಾಡಿ ಹೇಳ್ಯಾರ. ಸೊಸಿ ಆಸಿಯಿಂದ ಮನಿ ಮಾಡಿಸ್ಯಾಳ, ಇಷ್ಟು ಮಂದಿ ಬಂದ್ರ ಆಕಿ ಜೀವ ಆಕಿ ಕಾರ್ಪೆಟ್ ಮ್ಯಾಲೇ ಇರ್ತದ, ನೀವು ಅಲ್ಲೇ ಮಾಡ್ರಿ ಅಂದ್ರು. ನಾವು ಬ್ಯಾಡಂದ್ವಿ. ಕೇಳಲಿಲ್ಲ.”

ಮನೆಗೆ ಬಂದು ಅತ್ತೆಯ ಮುಂದೆ ಕೂತೆ.

“ಯಾಕ ಹಿಂಗ ಮಾಡಿದ್ರಿ ಅತ್ತಿ?”

ಅವರು ಪುಸ್ತಕ ಮುಚ್ಚಿದರು. “ನಾ ಈ ಮನಿಗಿ ಬಂದಾಗ ಕಿಟಕಿಗಿ ಹೂವಿನ ಪರದಾ ಹಾಕ್ಬೇಕಂತ ಭಾಳ ಆಸಿ ಇತ್ತು. ಔರಾದ ಬಜಾರದಾಗ ಅರಿವಿ ತಗೊಂಡು ನಾನೇ ಹೊಲದೆ. ನಮ್ಮ ಅತ್ತಿ ಹಾಕ್ಲಾಕ ಬಿಡಲಿಲ್ಲ. ಪ್ರಾರ್ಥನಾ ಮನಿಗಿ ಬಣ್ಣದ ಪರದಾ ಯಾಕ ಅಂದ್ರು. ಹತ್ತು ವರ್ಷ ಟ್ರಂಕಿನಾಗೇ ಇತ್ತು. ನಿನಗ ಹಂಗ ಆಗಬಾರದು ಅಂತ ಅನಿಸ್ತು, ಅಷ್ಟೇ.”

ನಾನು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. (ಅಳು ಬಂದದ್ದನ್ನು ಮುಚ್ಚಿಟ್ಟು ಅಂಕಣ ಬರೆಯುವುದು ನನಗೆ ಬರುವುದಿಲ್ಲ.) ನನ್ನ ಆಸೆಗಾಗಿ ಅವರು ತಮಗೆ ಉಳಿದಿದ್ದ ಒಂದೇ ಒಂದು ಸಂಜೆಯನ್ನು ಸದ್ದಿಲ್ಲದೆ ಬಿಟ್ಟುಕೊಟ್ಟಿದ್ದರು. ನನ್ನ ಕಣ್ಣಿಗೆ ಕಂಡಿದ್ದು ಮಾತ್ರ ಕೋಸ್ಟರ್.

ಹೊಸತು ಬೇಡ ಎಂದು ನಾನು ಹೇಳುತ್ತಿಲ್ಲ. ಕೆಟ್ಟ ಕುರ್ಚಿಯನ್ನು ಹಾಡಿ ಹೊಗಳುವ ಜಾತಿ ನನ್ನದಲ್ಲ. ಆ ಒಂಬತ್ತರಲ್ಲಿ ಎರಡು ಕುರ್ಚಿಗಳು ಕೂತವರ ಸೀರೆ ಹರಿಯುತ್ತಿದ್ದವು, ಒಂದಕ್ಕೆ ಕಾಲೇ ಸರಿಯಿರಲಿಲ್ಲ. ನನ್ನ ಸೋಫಾ ನನಗೆ ಈಗಲೂ ಇಷ್ಟ. ಆದರೆ ಅಳತೆ ತೆಗೆಯುವಾಗ ಒಂದು ಮಾತು ಹೇಳಬೇಕಿತ್ತು: ಗುರುವಾರ ಹದಿನೆಂಟು ಮಂದಿ ಬರುತ್ತಾರಪ್ಪ, ಅವರಿಗೆ ಜಾಗ ಮಾಡಿ ಉಳಿದದ್ದನ್ನು ಚೆಂದ ಮಾಡು ಎಂದು. ಅದನ್ನು ಹೇಳಬೇಕಾದವಳು ನಾನು.

ಕಾರ್ಪೆಟ್ ಸುತ್ತಿ ಮಂಚದ ಕೆಳಗೆ ತಳ್ಳಿದೆ. ನಮ್ಮವರು ಸೋಫಾದ ಒಂದು ತುಂಡು ಕಳಚಿ ಬೆಡ್‌ರೂಮಿಗೆ ಸಾಗಿಸಿದರು. ಬಜಾರಿನಿಂದ ಎರಡು ದೊಡ್ಡ ಸತರಂಜಿ ತಂದೆವು. ಭಾನುವಾರ ಮನೆಮನೆಗೆ ಹೋಗಿ ಮದುವೆಗೆ ಕರೆಯುವಂತೆ ಕರೆದೆ. “ಬರ್ತೇವ್ರಿ” ಎಂದರು. ಬರುತ್ತಾರೋ ಇಲ್ಲವೋ ಎಂದು ಗುರುವಾರದವರೆಗೂ ನನಗೆ ಪುಕುಪುಕು. ಅತ್ತೆಗೆ ನಾಲ್ಕು ಗಂಟೆಗೇ ಬಿಳಿ ಸೀರೆ.

ಬಂದರು. ಹದಿನೆಂಟರಲ್ಲಿ ಹನ್ನೊಂದು ಜನ. ಹಾಡು ಮೊದಲು ಮೆಲ್ಲಗೆ, ಎರಡನೆಯದಕ್ಕೆ ಅತ್ತೆಯ ಕಂಠ ಎಲ್ಲರಿಗಿಂತ ಮೇಲೆ. ಚಹಾ ಬಂತು. ಎಲ್ಲರೂ ಕಪ್ಪು ತೆಗೆದುಕೊಂಡರು. ಆಗ ಸೋಫಾದ ಪಕ್ಕ ಕೂತಿದ್ದ ಸುಗಂಧಾಬಾಯಿಯ ಕೈತಪ್ಪಿ, ಪೂರಾ ಒಂದು ಕಪ್ಪು ಚಹಾ ಸೋಫಾದ ಮೇಲೆ.

ಚೆಲ್ಲಿದ ಚಹಾವನ್ನು ಯಾರೂ ನೋಡಲಿಲ್ಲ. ಹನ್ನೊಂದು ಜನ, ಜೊತೆಗೆ ಅತ್ತೆಯೂ, ನನ್ನ ಮುಖವನ್ನೇ ನೋಡುತ್ತಿದ್ದರು.

ನಿಜ ಹೇಳಲೇ? ಎದೆ ಧಸಕ್ಕೆಂದಿತು. ಆದರೆ ಬಾಯಿ ಅದಕ್ಕಿಂತ ಜಾಣ. “ಬ್ಯಾರೆ ಕಪ್ ತರ್ತೇನಿ, ಸಕ್ರಿ ಇಷ್ಟು ಸಾಕಾ ಇನ್ನಷ್ಟು ಹಾಕ್ಲ್ಯಾ?” ಎಂದಿತು. ಅತ್ತೆ ಪಕ್ಕನೆ ನಕ್ಕರು. ಸುಗಂಧಾಬಾಯಿ, “ಇನ್ನಷ್ಟು ಹಾಕವ್ವ” ಎಂದು ಗೋಡೆಯ ಪ್ಯಾನೆಲ್‌ಗೆ ಬೆನ್ನು ಒರಗಿಸಿ ಕೂತರು. ಯಾರ ಮಗಳಿಗೋ ವರ ಸಿಕ್ಕ ಸುದ್ದಿ ಶುರುವಾಯಿತು.

ನಿಮ್ಮನ್ನೂ ಕೇಳಿಬಿಡುತ್ತೇನೆ: ನಿಮ್ಮ ಮನೆಯಲ್ಲಿ ಚಹಾ ಚೆಲ್ಲಿದರೆ, ಬಂದವರು ಮೊದಲು ನೋಡುವುದು ನೆಲವನ್ನೋ, ನಿಮ್ಮ ಮುಖವನ್ನೋ?