ಒಗೆಯುವವಳನ್ನು ಬಿಟ್ಟು ಆರಿಸಿದ ಚಡ್ಡಿ

ರೋಸ್ವಿತಾ ಕುನಾತ್‌ಗೆ ಒಂಬತ್ತು ವಾರ ಮಕ್ಕಳ ಚಡ್ಡಿ ಒಗೆದ ಕೂಲಿ ಇನ್ನೂ ಬರಬೇಕು. ಕೊಡಬೇಕಾದವರು ಯಾವುದೋ ಜಿಪುಣ ಸಾಹುಕಾರರಲ್ಲ. ಲೈಪ್‌ಜಿಗ್‌ನ ಹಳೆಯ ನೂಲಿನ ಗಿರಣಿಯ ಹಿಂದಿನ ಬೀದಿಯಲ್ಲಿ ತಾವೇ ಸೇರಿ ಶಿಶುವಿಹಾರ ನಡೆಸುವ ಹದಿನಾಲ್ಕು ಮನೆಯ ತಂದೆತಾಯಂದಿರು. ಮೇ ಒಂದರ ಮೆರವಣಿಗೆಯಲ್ಲಿ ಮುಂದಿನ ಸಾಲಿನಲ್ಲಿ ನಡೆಯುವವರು. ಆಸ್ಪತ್ರೆಯ ಸ್ವಚ್ಛತಾ ಕೆಲಸಗಾರರ ಮುಷ್ಕರಕ್ಕೆ ಬೆಂಬಲ ಎಂಬ ಚೀಟಿಯನ್ನು ವಿಹಾರದ ಬಾಗಿಲಿಗೇ ಅಂಟಿಸಿದವರು.

ರೋಸ್ವಿತಾಗೆ ಅರವತ್ತೊಂದು. ಬರ್ಲಿನ್ ಗೋಡೆ ಬೀಳುವ ಮೊದಲು ಪೂರ್ವ ಜರ್ಮನಿಯ ಸರ್ಕಾರಿ ಶಿಶುಗೃಹದಲ್ಲಿ ಕೆಲಸಕ್ಕಿದ್ದಳು. ಅಲ್ಲಿ ತಿಂಡಿಯಾದ ಮೇಲೆ, ಮಕ್ಕಳು ಕಕ್ಕಸಿಗೆ ಕೂರುವ ಪಾಟಿ ಇಟ್ಟ ಉದ್ದನೆಯ ಬೆಂಚಿನ ಮೇಲೆ ಹತ್ತು ಮಕ್ಕಳನ್ನು ಸಾಲಾಗಿ ಕೂರಿಸುತ್ತಿದ್ದರು. ಕೊನೆಯ ಮಗು ಮುಗಿಸುವ ತನಕ ಮೊದಲನೆಯದೂ ಏಳುವಂತಿಲ್ಲ. ಅದು ಒಳ್ಳೆಯದೆಂದು ಅವಳು ಎಂದೂ ಹೇಳಿದವಳಲ್ಲ. ಆ ಮಕ್ಕಳ ಕುಂಡೆಯ ಮೇಲೆ ಮೂಡುತ್ತಿದ್ದ ಕೆಂಪು ಉಂಗುರಕ್ಕೆ ಮುಲಾಮು ಸವರಿದ ಕೈ ಅವಳದೇ. ಗೋಡೆ ಬಿತ್ತು, ಶಿಶುಗೃಹ ಮುಚ್ಚಿತು, ಅವಳ ಪ್ರಮಾಣಪತ್ರ ಅರ್ಧ ಮಾತ್ರ ನಡೆಯುತ್ತದೆ ಎಂದು ಹೊಸ ಅಧಿಕಾರಿಗಳು ಹೇಳಿದರು. ಈಗ ಈ ವಿಹಾರದಲ್ಲಿ ಅಡುಗೆಮನೆಯ ಸಹಾಯಕಿ. ದಿನಕ್ಕೆ ನಾಲ್ಕು ಗಂಟೆ: ಬೇಯಿಸು, ಬಡಿಸು, ತೊಳೆ, ಹೋಗು. ಮೂವತ್ತರ ಹುಡುಗರೂ ಅವಳನ್ನು ಏಕವಚನದಲ್ಲೇ ಮಾತಾಡಿಸುತ್ತಾರೆ. ಅಲ್ಲಿ ಮೇಲು ಕೀಳು ಇಲ್ಲವಲ್ಲ.

ಫೆಬ್ರುವರಿಯ ಒಂದು ಶನಿವಾರ ಮಧ್ಯಾಹ್ನ ಚಡ್ಡಿಯ ಸಭೆ ಸೇರಿತು. ಎರಡು ವರ್ಷ ದಾಟಿದ ಏಳು ಮಕ್ಕಳಿಗೆ ಪಾಟಿ ಕಲಿಸಬೇಕು, ಬಿಸಾಡುವ ಡೈಪರ್ ಭೂಮಿಗೆ ಭಾರ, ಆದ್ದರಿಂದ ಒಗೆದು ಮತ್ತೆ ತೊಡಿಸುವ ಬಟ್ಟೆಯ ತರಬೇತಿ ಚಡ್ಡಿಯೇ ಆಗಬೇಕು. ಇದು ಮೂರನೆಯ ಸಭೆ. ಮೊದಲೆರಡು ಸಭೆಗಳು, ತರಬೇತಿ ಎಂಬ ಮಾತೇ ಮಗುವಿನ ಸ್ವಾತಂತ್ರ್ಯಕ್ಕೆ ಧಕ್ಕೆಯೋ ಹೇಗೆ ಎಂಬ ಚರ್ಚೆಯಲ್ಲಿ ತೀರಿದ್ದವು. ಒಬ್ಬರು ಬೇಡವೆಂದರೂ ಅಲ್ಲಿ ಯಾವುದೂ ತೀರ್ಮಾನವಾಗದು. ಮಾತಾಡಬೇಕೆನ್ನುವವರು ಕೈ ಎತ್ತಬೇಕು, ಅಧ್ಯಕ್ಷೆ ಸ್ವಾಂತ್ಯೆ ಹೆಸರು ಬರೆದುಕೊಳ್ಳುತ್ತಾಳೆ, ಸರದಿ ಬಂದ ಮೇಲೆ ಬಾಯಿ ತೆರೆಯಬೇಕು.

ಸೇತುವೆಗಳ ಎಂಜಿನಿಯರ್ ಟೋರ್ಬೆನ್ ಮೇಜಿನ ಮೇಲೆ ಐದು ಬಗೆಯ ಚಡ್ಡಿ ಸಾಲಾಗಿ ಹರವಿದ. ಅಳತೆಯ ಜಗ್‌ನಲ್ಲಿ ಉಗುರುಬೆಚ್ಚಗಿನ ಸೇವಂತಿಗೆ ಚಹಾ ತಂದಿದ್ದ, ಬಣ್ಣವೂ ಬಿಸಿಯೂ ಉಚ್ಚೆಯಷ್ಟೇ ಇರಲೆಂದು. ಒಂದೊಂದಕ್ಕೂ ಸುರಿದು, ಕೆಳಗಿಟ್ಟ ಕಾಗದ ಒದ್ದೆಯಾಯಿತೇ ಎಂದು ನೋಡಿದ. ಎರಡು ಪದರದ ಹತ್ತಿಯದು, ಸೊಂಟಕ್ಕೆ ಸಡಿಲ ಎಲಾಸ್ಟಿಕ್ ಇದ್ದದ್ದು, ಗಳಿಗೆಯಲ್ಲಿ ಸೋರಿತು. ಆರು ಪದರದ ಸೆಣಬಿನದು, ಮೇಲೆ ಉಣ್ಣೆಯ ಹೊದಿಕೆ, ಎರಡೂ ಪಕ್ಕ ಟಿಚ್ ಬಟನ್, ಒಂದು ಲೋಟ ಚಹಾ ಕುಡಿದೂ ಹನಿ ಬಿಡಲಿಲ್ಲ. ಎಲ್ಲರೂ ಎರಡೂ ಕೈ ಮೇಲೆತ್ತಿ ಬೆರಳು ಕುಣಿಸಿದರು. ಅಲ್ಲಿ ಚಪ್ಪಾಳೆಯೆಂದರೆ ಅದು.

ಕಾಫಿ ಬಡಿಸುತ್ತಿದ್ದ ರೋಸ್ವಿತಾ ಕೆಟಲ್ ಕೆಳಗಿಟ್ಟು ಕೈ ಎತ್ತಿದಳು. ಅಡುಗೆಮನೆಯವರ ಹೆಸರು ಪಟ್ಟಿಗೆ ಬರುತ್ತದೋ ಇಲ್ಲವೋ ಎಂದು ಸ್ವಾಂತ್ಯೆ ನಿಯಮಾವಳಿ ತಿರುವತೊಡಗಿದಳು. ಅಷ್ಟರಲ್ಲಿ ಇವಳು ಹೇಳಿಯೇಬಿಟ್ಟಳು.

“ಒದ್ದೆ ಆಗಿದ್ದೇ ಗೊತ್ತಾಗ್ದಿದ್ರೆ ಮಗು ಯಾಕ್ ಎದ್ದು ಹೋಗುತ್ತೆ? ಆ ಸೋರೋದನ್ನೇ ತಗೊಳ್ಳಿ. ಅದನ್ನ ಮಗು ತಾನೇ ಕೆಳಗೆ ಎಳ್ಕೊಳ್ಳುತ್ತೆ. ಇದಕ್ಕೆ ಬಟನ್ ಬಿಚ್ಚೋಕೆ ದೊಡ್ಡೋರು ಓಡ್ಬೇಕು.”

ಟೋರ್ಬೆನ್ ಬಹಳ ಮೃದುವಾಗಿ ಹೇಳಿದ: “ರೋಸ್ವಿತಾ, ನಿನ್ ಅನುಭವಕ್ಕೆ ಗೌರವ ಇದೆ. ಆದ್ರೆ ಮಗೂನ ಒದ್ದೇಲಿ ಕೂರ್ಸಿ ಕಲಿಸೋ ಕಾಲ ಹೋಯ್ತು. ನಾವು ಬೆಂಚಿನೋರಲ್ಲ.”

“ಬೆಂಚು ಯಾರ್ ಕೇಳಿದ್ರಪ್ಪ? ಇದನ್ನ ಒಗೆಯೋರ್ ಯಾರು, ಅದನ್ನಾದ್ರೂ ಹೇಳಿ.”

ಸರದಿಯ ಪಟ್ಟಿ ಹಾಕುತ್ತೇವೆ ಎಂದು ಸ್ವಾಂತ್ಯೆ ಹೇಳಿದಳು. ಸೆಣಬು ಗೆದ್ದಿತು. ರೋಸ್ವಿತಾಳ ಮಾತು ನಡಾವಳಿಯಲ್ಲಿ ಬರಲಿಲ್ಲ, ಅವಳು ಸದಸ್ಯೆಯಲ್ಲ.

ಪಟ್ಟಿಯನ್ನು ಬಣ್ಣಬಣ್ಣದ ಅಕ್ಷರಗಳಲ್ಲಿ ಬರೆದು ಗೋಡೆಗೆ ಹಚ್ಚಿದರು. ಮೊದಲ ವಾರ ಚೆನ್ನಾಗಿಯೇ ನಡೆಯಿತು. ಎರಡನೆಯ ವಾರ ಒಬ್ಬರಿಗೆ ವಿಚಾರ ಸಂಕಿರಣ. ಮೂರನೆಯ ವಾರ ಇನ್ನೊಬ್ಬರ ಬೆನ್ನು ಹಿಡಿದುಕೊಂಡಿತು. ಆಮೇಲೆ ಆ ಪಟ್ಟಿಯ ಮೇಲೆಯೇ ಯಾರೋ ಮಗುವಿನ ಚಿತ್ರ ಅಂಟಿಸಿದರು. ಉಚ್ಚೆ ಕುಡಿದ ಸೆಣಬು ಬಕೆಟ್‌ನಲ್ಲಿ ಕಲ್ಲಿನಂತೆ ಕೂತು ಅವಳ ಅಡುಗೆಮನೆಯಲ್ಲೇ ನಾರುತ್ತಿತ್ತು. ಸೂಪು ಕುದಿಯುವ ಪಕ್ಕದಲ್ಲಿ ಅದನ್ನು ಎಷ್ಟು ದಿನ ಮೂಸುವುದು? ರೋಸ್ವಿತಾ ಒಗೆಯತೊಡಗಿದಳು. ಸೆಣಬನ್ನು ಬಿಸಿನೀರಿನಲ್ಲಿ ಮಷೀನಿಗೆ, ಉಣ್ಣೆಯನ್ನು ತಣ್ಣೀರಿನಲ್ಲಿ ಕೈಯಿಂದ. ಆರು ಪದರ ಒಣಗಲು ಎರಡು ದಿನ. ಮಕ್ಕಳು ಮಾತ್ರ ಬೆಚ್ಚಗೆ ನೆನೆದುಕೊಂಡು ನೆಮ್ಮದಿಯಾಗಿ ಆಡುತ್ತಿದ್ದವು. ಒಂದಾದರೂ ಪಾಟಿಯ ಕಡೆ ತಿರುಗಿ ನೋಡಲಿಲ್ಲ.

ಒಂಬತ್ತು ವಾರದ ಗಂಟೆಗಳನ್ನು ಬರೆದು ಕೂಲಿ ಕೇಳಿದಳು. ಸರದಿಯ ಕೆಲಸವೆಲ್ಲ ಸ್ವಯಂಸೇವೆ, ನಿನಗೊಬ್ಬಳಿಗೆ ಕೊಟ್ಟರೆ ನಮ್ಮೆಲ್ಲರ ಗಂಟೆಗೂ ಬೆಲೆ ಕಟ್ಟಬೇಕಾಗುತ್ತದೆ, ಅದು ಸಂಘದ ತತ್ವಕ್ಕೆ ಒಗ್ಗುವುದಿಲ್ಲ ಎಂದು ಸ್ವಾಂತ್ಯೆ ವಿವರಿಸಿದಳು.

ಮೇ ತಿಂಗಳ ಒಂದು ಸೋಮವಾರ ರೋಸ್ವಿತಾ ಒಗೆಯುವುದನ್ನು ನಿಲ್ಲಿಸಿದಳು. ಒದ್ದೆ ಚಡ್ಡಿಗಳನ್ನು ಮಗುವಿಗೊಂದರಂತೆ ಚೀಲಕ್ಕೆ ತುಂಬಿ, ಮೊಗಸಾಲೆಯಲ್ಲಿ ಅವರವರ ಕೋಟು ನೇತುಹಾಕುವ ಮೊಳೆಗೇ ತೂಗುಬಿಟ್ಟಳು. ಒಣಗಿದ್ದು ಒಂದೂ ಇಲ್ಲದ್ದರಿಂದ, ಕಪಾಟಿನಲ್ಲಿ ಬಿದ್ದಿದ್ದ ಆ ಸೋರುವ ಮಾದರಿಯನ್ನೇ ಟೋರ್ಬೆನ್‌ನ ಮಗಳು ಯಿಲ್ವಿಗೆ ತೊಡಿಸಿದಳು. ಯಿಲ್ವಿ ಕಾಲ ಮೇಲೆ ಇಳಿದದ್ದನ್ನು ನೋಡಿ ಗಾಬರಿಯಾಗಿ ನಿಂತಳು. ಜೀವನದಲ್ಲಿ ಮೊದಲ ಸಲ ಅದು ತನ್ನದೇ ಎಂದು ಗೊತ್ತಾಗಿತ್ತು. ಸಂಜೆ ಟೋರ್ಬೆನ್ ಚೀಲ ಎತ್ತಿ ನೋಡಿದ.

“ಏನಿದು?”

“ನಿನ್ ಮಗಳದ್ದು.”

“ಒಗ್ದೇ ಇಲ್ವಲ್ಲ.”

“ಇಲ್ಲ.”

“ಮೊದ್ಲೇ ಹೇಳ್ಬಹುದಿತ್ತಲ್ವಾ?”

“ಕೈ ಎತ್ತಿದ್ನಲ್ಲ.”

ಸೆಣಬು ಒಣಗದೆ ಯಿಲ್ವಿಗೆ ಉಳಿದದ್ದು ಆ ಸೋರುವ ಚಡ್ಡಿಯೊಂದೇ. ಟೋರ್ಬೆನ್ ದಿನಾ ಸಂಜೆ ಅದನ್ನು ಮನೆಗೆ ಒಯ್ದು ತಾನೇ ಒಗೆದು ಬೆಳಿಗ್ಗೆ ತರುತ್ತಿದ್ದ. ಗುರುವಾರ ಅವಳು ತಾನೇ ಹೋಗಿ, ಚಡ್ಡಿ ಕೆಳಗೆಳೆದು ಪಾಟಿಯ ಮೇಲೆ ಕೂತಳು. ತಿಂಗಳೊಳಗೆ ಏಳೂ ಮಕ್ಕಳಿಗೆ ಎರಡು ಪದರದ ಹತ್ತಿ ಬಂತು. ನಡಾವಳಿಯಲ್ಲಿ ಅದನ್ನು ಟೋರ್ಬೆನ್‌ನ ಎರಡನೆಯ ಹಂತದ ಪ್ರಯೋಗ ಎಂದು ಬರೆದಿದ್ದಾರೆ. ರೋಸ್ವಿತಾಗೆ ಮಕ್ಕಳ ಅಂಗೈ ಅಚ್ಚೊತ್ತಿದ ಧನ್ಯವಾದದ ಕಾರ್ಡು ಸಿಕ್ಕಿತು. ಕೂಲಿಯ ವಿಷಯಕ್ಕೆ ಮೂವರ ಉಪಸಮಿತಿಯಾಗಿದೆ. ಅದು ಶ್ರಮದ ಮೌಲ್ಯವೆಂದರೇನು ಎಂಬಲ್ಲಿಂದ ಶುರು ಮಾಡಿದೆ. ವರದಿ ಬರುವ ತನಕ ಒಗೆಯಬಹುದಲ್ಲ ಎಂದು ಯಾರೋ ಕೇಳಿದರು. ಅವಳು ಏಪ್ರನ್ ಬಿಚ್ಚಿಟ್ಟು ಟ್ರಾಮ್ ಹಿಡಿಯಲು ಹೋದಳು. ನಾಲ್ಕು ಗಂಟೆ ಮುಗಿದಿತ್ತು.

ನೀವೂ ಒಳ್ಳೆಯವರೇ, ಭೂಮಿಯ ಚಿಂತೆ ನಿಮಗೂ ಇದೆ. ಹಾಗಾದರೆ ನಿಮ್ಮ ಮನೆಯಲ್ಲೋ ಸಂಘದಲ್ಲೋ ಇಂಥದ್ದನ್ನು ಆರಿಸುವ ದಿನ, ಅದನ್ನು ಒಗೆಯುವವರನ್ನು ಮೊದಲು ಕುರ್ಚಿಯಲ್ಲಿ ಕೂರಿಸಿ. ಗಂಟೆಗೆ ಎಷ್ಟು ಎಂಬುದನ್ನು ಅವರ ಬಾಯಿಂದಲೇ ಕೇಳಿ, ಆ ವಾರವೇ ಕೊಡಿ. ಅದು ಆಗದೆಂದರೆ ಬಕೆಟ್ಟಿಗೆ ನಿಮ್ಮ ಕೈಯನ್ನೇ ಇಳಿಸಿ.