ಗೌರಮ್ಮ ಕೂಡಿಸದ ಗೆರೆ

ಗೌರಮ್ಮನವರ ಹೆಬ್ಬೆರಳಿನಲ್ಲಿ ಗೆರೆಗಳಿರಲಿಲ್ಲ. ಹೊಳೆಯ ನುಣುಪುಗಲ್ಲು ಹಿಡಿದು ನಲವತ್ತು ವರ್ಷ ಮಡಕೆಗಳನ್ನು ಉಜ್ಜಿ ಉಜ್ಜಿ ಅವು ಸವೆದುಹೋಗಿದ್ದವು. ಭದ್ರಾವತಿಯ ನ್ಯಾಯಬೆಲೆ ಅಂಗಡಿಯ ಬೆರಳಚ್ಚಿನ ಯಂತ್ರ ಅವರನ್ನು ಗುರುತಿಸುತ್ತಲೇ ಇರಲಿಲ್ಲ. “ನನ್ ಗೆರೆ ಎಲ್ಲಾ ಮಡಕೆ ಮೇಲಿದಾವೆ, ಅದನ್ನೇ ತಂದು ಒತ್ಲೇನಪ್ಪಾ?” ಎಂದು ಅಂಗಡಿಯವನನ್ನು ನಗಿಸುತ್ತಿದ್ದರು. ನೆರೆಮನೆಯವಳಾಗಿ ಜೊತೆಗೆ ಹೋಗುತ್ತಿದ್ದ ನನಗೆ ನಗು ಬರುತ್ತಿರಲಿಲ್ಲ. ದುಡಿಮೆಯೇ ದುಡಿದವಳ ಗುರುತನ್ನು ಅಳಿಸುವುದಾದರೆ ಅದನ್ನು ಅನ್ಯಾಯವೆಂದೇ ಕರೆಯಬೇಕು.

ಅದಕ್ಕಿಂತ ಹಳೆಯ ಅನ್ಯಾಯ ಅವರ ಮನೆಯೊಳಗಿತ್ತು. ಮಣ್ಣು ತುಳಿಯುವುದು, ಉಜ್ಜುವುದು, ಬಣ್ಣ ಬಳಿಯುವುದು ಹೆಂಗಸರ ಪಾಲು. ಕುಂಬಾರನ ಚಕ್ರವಾದ ತಿಗರಿಯನ್ನು ಮಾತ್ರ ಅವರು ಮುಟ್ಟುವಂತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮೈದುನ ಅದನ್ನು ತನ್ನ ಮನೆಗೆ ಸಾಗಿಸಿದ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಾನು ಕಲಿಸುವ ಶಾಲೆಯಿಂದ ಒಂದು ಪುಸ್ತಕ ಒಯ್ದು ತೋರಿಸಿದೆ. ಅಮೆರಿಕದ ಮೂಲನಿವಾಸಿಗಳಾದ ಪ್ಯೂಬ್ಲೊ ಹೆಂಗಸರು ತಿಗರಿಯೇ ಇಲ್ಲದೆ, ಮಣ್ಣಿನ ಹುರಿ ಸುತ್ತಿ ಬಟ್ಟಲು ಕಟ್ಟುವ ಚಿತ್ರಗಳು ಅದರಲ್ಲಿದ್ದವು.

“ತಿಗರಿನೇ ಇಲ್ವಾ? ಹಂಗಾದ್ರೆ ಮುಟ್ಬೇಡ ಅನ್ನೋ ಗಂಡಸ್ರಿಗೆ ಅಲ್ಲೇನ್ ಕೆಲ್ಸ ಟೀಚರಮ್ಮಾ?”

ಕೆಲವು ಬಟ್ಟಲುಗಳ ಅಂಚಿನ ಗೆರೆ ಸುತ್ತಿ ಬಂದು, ಕೂಡದೆ, ಬೆರಳಗಲ ಜಾಗ ಬಿಟ್ಟಿತ್ತು. ಕೂಡಿಸಿದರೆ ಮಾಡಿದವಳ ಉಸಿರು ಒಳಗೇ ಸಿಕ್ಕಿಕೊಳ್ಳುತ್ತದೆಂಬ ನಂಬಿಕೆಯಂತೆ ಎಂದೆ. ಗೌರಮ್ಮ ಚಿತ್ರದ ಆ ಜಾಗದ ಮೇಲೆ ಹೆಬ್ಬೆರಳಿಟ್ಟರು.

“ಬಾಗ್ಲು ಇಟ್ಕೊಂಡಿದಾರೆ. ಜಾಣೇರು.”

ಮಳೆಗಾಲ ಮುಗಿಯುವಷ್ಟರಲ್ಲಿ ಅವರೇ ಹುರಿ ಸುತ್ತಿ ಕಟ್ಟಿದ ಒಂದು ಬಟ್ಟಲು ಬೆಂದು ಬಂತು. ಕೆಮ್ಮಣ್ಣಿನ ಮೈ; ಈಚಲುಗರಿಯ ತುದಿ ಜಗಿದು ಮಾಡಿದ ಕುಂಚದಿಂದ ಎಳೆದ ಭತ್ತದ ತೆನೆಗಳು; ಅಂಚಿನಲ್ಲಿ ಕೂಡದ ಕಪ್ಪು ಗೆರೆ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಡೆದ ಕುಂಬಾರಿಕೆಯ ಪ್ರದರ್ಶನದಲ್ಲಿ ಆ ಬಟ್ಟಲಿನ ಮುಂದೆ, ಅದನ್ನು ತನ್ನ ಮಡಕೆಗಳ ಜೊತೆ ತಂದಿಟ್ಟಿದ್ದ ಮೈದುನನ ಹೆಸರಿನ ಚೀಟಿಯಿತ್ತು. ಜಗಳವಾಡಿದೆ. ವ್ಯವಸ್ಥಾಪಕರು ಕೊನೆಗೆ ಒಪ್ಪಿದರು: “ಹೆಸ್ರು ಬದಲಾಯ್ಸೋಣ ಮೇಡಂ. ಆದ್ರೆ ಅರ್ಧಂಬರ್ಧ ಕೆಲ್ಸ ಇಡೋಕಾಗಲ್ಲ, ಗೆರೆ ಮುಗ್ಸಿಕೊಡಿ.” ಗೌರಮ್ಮ ಇನ್ನೂ ಬಸ್ಸಿನಲ್ಲಿದ್ದರು. ಅವರ ಹೆಸರು ಕೈತಪ್ಪೀತೆಂಬ ಆತುರದಲ್ಲಿ ಅಂಗಡಿಯಿಂದ ಕಪ್ಪು ಬಣ್ಣ ತಂದು, ನಾನೇ ಕುಂಚ ಹಿಡಿದು ಗೆರೆ ಕೂಡಿಸಿದೆ.

ಅವರು ಬಂದಾಗ ಅವರ ಹೆಸರಿದ್ದ ಹೊಸ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವರ ಹೆಬ್ಬೆರಳು ಹೋಗಿ ನಿಂತದ್ದು ಬಟ್ಟಲಿನ ಅಂಚಿನ ಮೇಲೆ.

“ನೀವೂ ಮುಚ್ಬಿಟ್ರಾ ಟೀಚರಮ್ಮಾ?”

ಅಷ್ಟು ಕೇಳಿ ಊರಿನ ಬಸ್ಸು ಹತ್ತಿದರು. ಬಟ್ಟಲನ್ನು ವಾಪಸು ಒಯ್ಯಲಿಲ್ಲ, ಮತ್ತೊಂದನ್ನು ಕಟ್ಟಲೂ ಇಲ್ಲ. ಮಡಕೆ ಸುಡುವ ಆವಿಗೆಯ ಹೊಗೆ ಕುಡಿದ ಅವರ ಎದೆ ಸೋತು, ಈ ಬೇಸಿಗೆಯಲ್ಲಿ ಉಸಿರು ನಿಂತಿತು.

ಎಲ್ಲರ ಅನ್ಯಾಯಗಳನ್ನೂ ಹೆಸರಿಟ್ಟು ಕರೆದವಳು ನಾನು. ಇದು ನಾನು ಮಾಡಿದ್ದು. ಬಟ್ಟಲು ನನ್ನ ಮೇಜಿನ ಮೇಲಿದೆ. ಆ ಬೆರಳಗಲವನ್ನು ದಿನವೂ ಒದ್ದೆ ಬಟ್ಟೆಯಿಂದ ಉಜ್ಜುತ್ತೇನೆ. ಅವರ ಗೆರೆ ಬೆಂಕಿಯಲ್ಲಿ ಬೆಂದದ್ದು, ಅಳಿಯದು. ನನ್ನದು ಅಂಗಡಿಯ ಬಣ್ಣ. ಅದೂ ಅಳಿಯುತ್ತಿಲ್ಲ.