ಕುಂಯ್ ಮೇಷ್ಟ್ರು ಹಾಕಿದ ರೈಟು ಗುರುತು

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವನನ್ನು ಎಲ್ಲರೂ ಕುಂಯ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮೇಷ್ಟರ ಕೆಲಸವನ್ನು ಅವನು ಒಂದು ದಿನವೂ ಮಾಡಿದವನಲ್ಲ. ಹತ್ತೊಂಬತ್ತು ವರ್ಷ ಸರ್ವಿಸಾದ ಟೆಕ್ನಿಷಿಯನ್, ಅಷ್ಟೇ. ಆದರೆ ರಿಸೀವರ್ ಎತ್ತಿದ ಕೂಡಲೇ ಬರುವ ಕುಂಯ್ ಸದ್ದಿನಿಂದ ಹಿಡಿದು ಎಂಗೇಜ್ ಸದ್ದಿನವರೆಗೆ, ಫೋನಿನೊಳಗಿನ ಯಾವ ಸ್ವರ ಕೆಟ್ಟರೂ ಅವನೇ ಬರಬೇಕು. ಕಿವಿಗೆ ಹಿಡಿದು ಕಣ್ಣು ಮುಚ್ಚಿ "ಒಂಚೂರು ಉದ್ದ ಆಯ್ತು" ಎಂದನೆಂದರೆ, ಮೀಟರ್ ಹಚ್ಚಿ ನೋಡಿದರೂ ಒಂಚೂರು ಉದ್ದವೇ ಇರುತ್ತಿತ್ತು. ಅದರ ಬಗ್ಗೆ ಅವನಿಗೆ ಸಣ್ಣ ಜಂಬವೂ ಇತ್ತು. ಇರಲಿ ಬಿಡಿ, ಅಷ್ಟು ಜಂಬ ಇಲ್ಲದವರು ಯಾರಿದ್ದಾರೆ.

ಹಳೆಯ ಯಂತ್ರ ತೆಗೆದು ಊರಿಗೆ ಹೊಸದು ತಂದಾಗ ಸ್ವರದ ಕೆಲಸ ಅವನ ತಲೆಗೇ ಬಂತು. ಯಂತ್ರ ಪರದೇಶದ್ದು, ಅದರ ಸದ್ದುಗಳೂ ಪರದೇಶದವೇ. ಆ ಕಡೆ ಫೋನ್ ರಿಂಗ್ ಆಗುತ್ತಿದೆ ಎಂದು ಕರೆ ಮಾಡಿದವರಿಗೆ ತಿಳಿಸುವ ಸದ್ದು ಅದರಲ್ಲಿ ಪೀಂ-ಪೀಂ, ಪೀಂ-ಪೀಂ ಎಂದು ತುಂಡುತುಂಡಾಗಿ ಬರುತ್ತಿತ್ತು. ಈ ದೇಶದಲ್ಲಿ ಹಾಗೆ ಬಂದರೆ ಎಂಗೇಜ್ ಎಂದು ಅರ್ಥ. ಜನ ಎರಡು ಸಲ ಕೇಳಿ ಇಟ್ಟುಬಿಡುತ್ತಾರೆ. ರಿಂಗ್ ಎಂದರೆ ಸದ್ದು ಉದ್ದಕ್ಕೆ ಬರಬೇಕು, ಸ್ವಲ್ಪ ತಡೆದು ಮತ್ತೆ ಉದ್ದಕ್ಕೆ ಬರಬೇಕು. ಮೂರು ತಲೆಮಾರಿನಿಂದ ಇಡೀ ದೇಶದ ಕಿವಿ ಪಳಗಿರುವುದು ಅದಕ್ಕೆ. ಹಾಗಾಗಿ ಯಂತ್ರದೊಳಗಿನ ಸ್ವರಗಳ ಪಟ್ಟಿಯನ್ನು, ಯಾವ ಸದ್ದು ಎಷ್ಟು ಹೊತ್ತು, ನಡುವೆ ಎಷ್ಟು ಮೌನ ಎಂದು, ಒಂದೊಂದಾಗಿ ತಿದ್ದಬೇಕಿತ್ತು. ಎರಡು ತಿಂಗಳು ಕೂತು ತಿದ್ದಿದ. ಮೀಟರನ್ನಷ್ಟೇ ನಂಬದೆ ಕಾವಲುಗಾರ, ಕಸ ಗುಡಿಸುವಾಕೆ, ಕೊನೆಗೆ ತನ್ನ ಮನೆ ಓನರಮ್ಮ, ಎಲ್ಲರ ಕಿವಿಗೂ ರಿಸೀವರ್ ಹಿಡಿದು "ಇದೇನು ಹೇಳಿ" ಎಂದು ಕೇಳಿದ. ಓನರಮ್ಮ "ರಿಂಗ್ ಆಗ್ತಿದೆಯಪ್ಪ, ಎತ್ತೋರಿಗೆ ಸೋಮಾರಿತನ" ಎಂದಾಗ ಸರ್ಟಿಫಿಕೇಟ್ ಸಿಕ್ಕಷ್ಟು ಖುಷಿಯಾಯಿತು. ಸೋಮವಾರ ಬೆಳಿಗ್ಗೆ ಹೊಸ ಯಂತ್ರ ಚಾಲೂ ಆಯಿತು.

ಅದೇ ವಾರ ತಂಗಿಯ ಕೆಲಸದ ವಿಷಯ. ಅಣ್ಣ ತಂಗಿ ಇಬ್ಬರೇ, ಓನರಮ್ಮನ ಮಹಡಿಯ ಮೇಲೆ ಎರಡು ಕೋಣೆಯಲ್ಲಿದ್ದರು. ತಂಗಿ ಗಣಿತದ ಟೀಚರ್. ಎಂಟು ವರ್ಷದಿಂದ ಒಂದು ಶಾಲೆಯಲ್ಲಿ ಹೆರಿಗೆ ರಜೆ ಹಾಕಿದವರ ಬದಲಿಗೆ, ಇನ್ನೊಂದರಲ್ಲಿ ಕಾಲು ಮುರಿದುಕೊಂಡವರ ಬದಲಿಗೆ, ಹೀಗೇ ದುಡಿದಿದ್ದಳು. "ಹಾಜರಿ ಕರೆದ್ರೆ ನಾನು ಬದಲಿ ಅಂತಾನೇ ಓಗೊಡೋದು" ಎಂದು ತಾನೇ ನಗುತ್ತಿದ್ದಳು. ಆ ನಗು ಕೇಳಿದರೆ ಅಣ್ಣನಿಗೆ ಸಂಕಟವಾಗುತ್ತಿತ್ತು. ಈಗ ಪಕ್ಕದ ಊರಿನ ಹೈಸ್ಕೂಲಿನಲ್ಲಿ ಖಾಯಂ ಜಾಗವೊಂದು ಖಾಲಿಯಾಗಿತ್ತು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ, ಆಮೇಲೆ ಅರ್ಜಿ ಹಾಕುವಂತೆಯೂ ಇಲ್ಲ. ಸಂದರ್ಶನ ಮುಗಿಸಿ ಹೆಡ್ ಮೇಡಂ ಹೇಳಿದ್ದರು: "ಪಟ್ಟಿಯಲ್ಲಿ ನೀವೇ ಮೊದಲು. ಗುರುವಾರ ಹತ್ತರಿಂದ ಹನ್ನೆರಡರೊಳಗೆ ಫೋನ್ ಮಾಡ್ತೀವಿ, ಬರ್ತೀನಿ ಅಂತ ಬಾಯಲ್ಲಿ ಹೇಳ್ಬೇಕು. ಸಿಗದಿದ್ರೆ ಮುಂದಿನವರನ್ನ ಕೇಳೋದೇ. ಸಂಜೆಗೆ ಹೆಸರು ಕಳಿಸ್ಬೇಕು ನಾವು."

ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ಅವಳು ಓನರಮ್ಮನ ನಡುಮನೆಯಲ್ಲಿ ಫೋನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಇತ್ತ ಎಕ್ಸ್‌ಚೇಂಜಿನಲ್ಲಿ ಅಣ್ಣನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಹತ್ತೂ ನಲವತ್ತಕ್ಕೆ ಅವಳೇ ಫೋನ್ ಮಾಡಿದಳು.

"ಅಣ್ಣ, ಇದು ಒಂದು ಸಲ ಹೊಡೆದು ನಿಂತ್ಹೋಗ್ತಿದೆ. ಮೊದಲನೇ ರಿಂಗಿಗೇ ಎತ್ತಿದ್ದೀನಿ, ಆದ್ರೂ ಆ ಕಡೆ ಯಾರೂ ಇಲ್ಲ. ಎರಡು ಸಲ ಆಯ್ತು."

"ಯಾರೋ ರಾಂಗ್ ನಂಬರ್ ಇರ್ಬೇಕು ಬಿಡು" ಎಂದ.

ಹೇಳಿದ್ದೇನೋ ಹೇಳಿದ, ಆದರೆ ರಿಸೀವರ್ ಇಟ್ಟ ಕೈ ಅಲ್ಲೇ ನಿಂತಿತು. ಹೊಸ ಯಂತ್ರದ ಸದ್ದುಗಳನ್ನೆಲ್ಲ ಪರೀಕ್ಷಿಸಿದ್ದೇನೆ ಎಂದು ಶನಿವಾರ ಸಹಿ ಹಾಕಿ ಕೊಟ್ಟ ಹಾಳೆ ನೆನಪಾಯಿತು. ಅದರಲ್ಲಿ ಹನ್ನೊಂದು ಸಾಲು, ಕೊನೆಯ ಸಾಲು 'ಹೊರ ಊರಿನಿಂದ ಬರುವ ಕರೆ'. ಹೊರ ಊರಿನ ಲೈನುಗಳನ್ನು ಯಂತ್ರಕ್ಕೆ ಜೋಡಿಸಿದ್ದು ಸೋಮವಾರ. ಹಾಳೆ ಕೊಡಬೇಕಾಗಿದ್ದು ಶನಿವಾರ. ಸಾಹೇಬರು ತಲೆಯ ಮೇಲೇ ನಿಂತಿದ್ದರು. ಯಂತ್ರ ಒಂದೇ, ಪಟ್ಟಿ ಒಂದೇ, ಸದ್ದು ಬೇರೆ ಬರಲು ಸಾಧ್ಯವೇ ಎಂದುಕೊಂಡು ಅವನು ಹತ್ತು ರೈಟಿನ ಕೆಳಗೆ ಹನ್ನೊಂದನೆಯದನ್ನೂ ಎಳೆದುಬಿಟ್ಟಿದ್ದ. ಸೋಮವಾರ ಮಾಡಿದರಾಯಿತು ಎಂದುಕೊಂಡವನು ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದ.

ಪಕ್ಕದ ಊರಿನ ಎಕ್ಸ್‌ಚೇಂಜಿನಲ್ಲಿ ಅವನ ಜೊತೆ ಟ್ರೈನಿಂಗ್ ಮಾಡಿದ ಗೆಳೆಯನಿದ್ದ. ಅವನನ್ನು ಫೋನಿನಲ್ಲಿ ಹಿಡಿದು, "ಈ ಲೈನ್ ಇಡಬೇಡ. ಇನ್ನೊಂದು ಫೋನಲ್ಲಿ ನಮ್ಮ ಟೆಸ್ಟ್ ನಂಬರಿಗೆ ಮಾಡು, ಏನು ಕೇಳ್ಸುತ್ತೆ ಹೇಳು" ಎಂದ. ತುಸು ಹೊತ್ತಿಗೆ ಮೇಜಿನ ಮೇಲಿದ್ದ ಟೆಸ್ಟ್ ಫೋನ್ ಟ್ರಿಣ್ ಎಂದು ಹೊಡೆಯತೊಡಗಿತು.

"ಎಂಗೇಜ್ ಕಣಯ್ಯ" ಎಂದ ಗೆಳೆಯ.

"ಇಲ್ಲಿ ನನ್ನೆದುರಿಗೇ ಹೊಡೀತಿದೆ."

"ಹೊಡ್ಕೊಳ್ಳಲಿ. ಇಲ್ಲಿ ಎಂಗೇಜೇ. ಸೋಮವಾರದಿಂದ ನಿಮ್ಮೂರಿಗೆ ಊರೇ ಎಂಗೇಜ್. ಹೊಸ ಯಂತ್ರ ಬಂದಿದ್ದಕ್ಕೆ ಎಲ್ಲರೂ ಬಿಡದೆ ಹರಟೆ ಹೊಡೀತಿದ್ದಾರೆ ಅಂತ ನಾವು ನಗ್ತಿದ್ವಿ."

ಆಗ ಅವನಿಗೆ ಹೊಳೆಯಿತು. ಸ್ವರಗಳ ಪಟ್ಟಿಗೆ ಎರಡನೆಯ ಪುಟವೊಂದಿತ್ತು, ಹೊರಗಿನಿಂದ ಕರೆಯುವವರಿಗೆಂದೇ. ಅದನ್ನು ಅವನು ಮುಟ್ಟಿಯೇ ಇರಲಿಲ್ಲ. ಅವರ ಕಿವಿಗೆ ಪರದೇಶದ ಪೀಂ-ಪೀಂ ಕೂಡಲೇ ಶುರುವಾಗುತ್ತದೆ. ಈ ಕಡೆ ಫೋನ್ ಹೊಡೆಯಲು ಎರಡು ಮೂರು ಸೆಕೆಂಡ್ ತಡ. ತಂಗಿ ಎಷ್ಟೇ ಚುರುಕಾಗಿ ಎತ್ತಿದರೂ ಅಷ್ಟರಲ್ಲಿ ಅವರು ಇಟ್ಟಿರುತ್ತಾರೆ. ಊರಿನೊಳಗೆ ಮಾತ್ರ ಎಲ್ಲ ಸರಿಯಾಗಿದ್ದರಿಂದ ಮೂರು ದಿನ ಯಾರಿಗೂ ಇದರ ಸುಳಿವೇ ಹತ್ತಿರಲಿಲ್ಲ.

ಹತ್ತೂ ಐವತ್ತೈದು. ಡೈರಿ ತೆಗೆದು ಶಾಲೆಯ ನಂಬರ್ ಒತ್ತಿದ. ಎಂಗೇಜ್. ಮತ್ತೆ ಒತ್ತಿದ, ಎಂಗೇಜ್. ಇದು ಆ ಊರಿನ ಹಳೆಯ ಯಂತ್ರದ ಅಪ್ಪಟ ಎಂಗೇಜ್, ಅದರಲ್ಲಿ ಅವನ ಕಿವಿ ಮೋಸ ಹೋಗುವ ಮಾತೇ ಇಲ್ಲ. ಅಂದರೆ ಅವರು ಈಗ ಯಾರ ಜೊತೆಗೋ ಮಾತಾಡುತ್ತಿದ್ದಾರೆ. ಯಾರ ಜೊತೆ? ಶಾಲೆಯವರು ತಂಗಿಗೆ ಇನ್ನೊಮ್ಮೆ ಮಾಡುವುದರೊಳಗೆ ಪುಟ ತಿದ್ದಿಬಿಡಬೇಕು. ಯಂತ್ರದ ಪಟ್ಟಿ ತೆರೆಯಲು ಸಾಹೇಬರ ಬಳಿಯಿರುವ ಬೀಗದ ಕೈ ಬೇಕು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಅವರ ಕೋಣೆಗೆ ಹೋದ.

ಸಾಹೇಬರು ಕೇಳಿ ಕನ್ನಡಕ ತೆಗೆದರು. "ಹಗಲು ಹೊತ್ತಲ್ಲಿ ಪಟ್ಟಿ ಮುಟ್ಟೋ ಹಾಗಿಲ್ಲ, ಗೊತ್ತಲ್ಲ? ಅದೂ ಅಲ್ಲದೆ ಹೊರಗಿನ ಟೆಸ್ಟ್ ನೀನೇ ಮಾಡಿದ್ದೀಯಲ್ಲಯ್ಯ. ರೈಟ್ ಇದೆ, ನಿನ್ನ ಸಹಿ ಇದೆ. ಆವತ್ತು ಸರಿ ಇದ್ದಿದ್ದು ಈಗ ಹೇಗೆ ಕೆಡ್ತು?"

ಯಂತ್ರ ಕೈಕೊಟ್ಟಿತು ಎಂದರೆ ಸಾಕಿತ್ತು. ಹೊಸ ಯಂತ್ರ, ಯಾರು ಬೇಕಾದರೂ ನಂಬುತ್ತಿದ್ದರು. ಆದರೆ ಹಾಗೆಂದರೆ ಕಂಪನಿಯವರನ್ನು ಕರೆಸುತ್ತಾರೆ, ಅವರು ಬರುವುದರೊಳಗೆ ಸಂಜೆಯಾಗುತ್ತದೆ.

"ಮಾಡಿರಲಿಲ್ಲ ಸಾರ್. ಸುಮ್ಮನೆ ರೈಟ್ ಹಾಕ್ದೆ."

ಸಾಹೇಬರು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವರು ಡ್ರಾಯರ್ ಎಳೆದು ಬೀಗದ ಕೈ ಮೇಜಿನ ಮೇಲಿಟ್ಟರು. "ಈಗ ಹೇಳಿದ್ದನ್ನ ನಾಳೆ ಬರೆದು ಕೊಡು" ಎಂದಷ್ಟೇ ಹೇಳಿದರು. ಹತ್ತೊಂಬತ್ತು ವರ್ಷದ ಸರ್ವಿಸಿಗೆ ಮಸಿ ಬಳಿಯಲು ಅದೊಂದು ಕಾಗದ ಸಾಕು ಎಂದು ಅವನಿಗೆ ಗೊತ್ತಿತ್ತು. ಆದರೆ ಅದನ್ನು ಯೋಚಿಸುತ್ತ ನಿಲ್ಲಲು ಈಗ ಪುರುಸೊತ್ತಿರಲಿಲ್ಲ.

ತಿದ್ದಲು ಹಿಡಿದದ್ದು ಆರು ನಿಮಿಷ. ಎರಡು ತಿಂಗಳ ಕೆಲಸದಲ್ಲಿ ಬಿಟ್ಟುಹೋದದ್ದು ಆರೇ ನಿಮಿಷದ ಕೆಲಸ. ಅವಸರದಲ್ಲಿ ಒಂದು ಅಂಕಿ ತಪ್ಪಿತು, ಅಳಿಸಿ ಮತ್ತೆ ಹಾಕಿದ. ಗೆಳೆಯ ಆ ಕಡೆಯಿಂದ ಮಾಡಿ ನೋಡಿ "ಹಾಂ, ಈಗ ರಿಂಗ್ ಬರ್ತಿದೆ" ಎಂದಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಕಾಲು. ಅವನು ಶಾಲೆಗೆ ಮಾಡಿದ. ಈ ಸಲ ಲೈನ್ ಸಿಕ್ಕಿತು. ಎತ್ತಿದ್ದು ಗುಮಾಸ್ತರು.

"ಅವರಿಗಾ? ಮೂರು ಸಲ ಮಾಡಿದ್ವಿ ಸಾರ್, ಮೂರು ಸಲವೂ ಎಂಗೇಜ್. ಎರಡನೆಯವರಿಗೆ ಹೇಳಿದ್ವಿ, ಅವರು ಒಪ್ಕೊಂಡ್ರು. ಮೇಡಂ ಸೈನೂ ಆಯ್ತು."

"ಎಂಗೇಜ್ ಇರ್ಲಿಲ್ಲ ಸಾರ್. ಅವಳು ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದಾಳೆ. ಸದ್ದಿನದ್ದು ತಪ್ಪು. ನನ್ನ ತಪ್ಪು. ಮೇಡಂ ಹತ್ರ ಒಂದು ಮಾತು ಹೇಳಿ."

ಗುಮಾಸ್ತರು ಒಳ್ಳೆಯ ಮನುಷ್ಯರೇ. "ಪಾಪ, ಏನು ಹೇಳೋದು ಸಾರ್. ಆ ಎರಡನೆಯವರು ಕೇಳಿದ ತಕ್ಷಣ ಫೋನಲ್ಲೇ ಅತ್ತುಬಿಟ್ರು. ಅವರಿಗೆ ಈಗ ಹೇಗೆ ಇಲ್ಲ ಅನ್ನೋದು?"

ಅವನು ಫೋನ್ ಇಟ್ಟು ತಲೆಯ ಮೇಲೆ ಕೈಹೊತ್ತು ಕೂತ. ಹನ್ನೆರಡಾಗುವವರೆಗೆ ತಂಗಿ ಆ ಸ್ಟೂಲು ಬಿಟ್ಟು ಏಳುವುದಿಲ್ಲ. ಸುಮ್ಮನಿದ್ದುಬಿಡಲೇ, ಸಂಜೆ ಮನೆಗೆ ಹೋಗಿ ಹೇಳಲೇ ಎಂದು ಒಮ್ಮೆ ಅನ್ನಿಸಿತು. ಛೆ, ಅಲ್ಲಿಯವರೆಗೆ ಅವಳನ್ನು ಕಾಯಿಸುವುದೇ? ನಾಚಿಕೆಯಾಯಿತು. ಮನೆಯ ನಂಬರ್ ಒತ್ತಿದ.

ತಾನೇ ಅಳೆದು ಕೂರಿಸಿದ ಉದ್ದನೆಯ ಸದ್ದು ಇನ್ನೂ ಪೂರ್ತಿ ಬಂದಿರಲಿಲ್ಲ, ಅಷ್ಟರಲ್ಲಿ ಆ ಕಡೆ ಎತ್ತಿಯೇಬಿಟ್ಟಳು.

"ನಮಸ್ಕಾರ ಮೇಡಂ, ನಾನೇ ಮಾತಾಡ್ತಿರೋದು. ಖಂಡಿತ ಬರ್ತೀನಿ ಮೇಡಂ, ಯಾವತ್ತಿಂದ ಬರ್ಲಿ?" ಎಂದಳು, ಒಂದೇ ಉಸಿರಿನಲ್ಲಿ.

"ನಾನು ಕಣೆ, ಅಣ್ಣ" ಎಂದ.

"ಅಯ್ಯೋ, ಈಗ್ಯಾಕೆ ಮಾಡ್ದೆ ಅಣ್ಣ? ಬೇಗ ಇಡು. ಅವರು ಮಾಡಿದ್ರೆ ಎಂಗೇಜ್ ಬರುತ್ತೆ."

ಅವನು ಬಾಯಿ ತೆರೆಯುವುದರೊಳಗೆ ಅವಳೇ ಇಟ್ಟುಬಿಟ್ಟಳು. ಅವನು ಮತ್ತೆ ಅದೇ ನಂಬರ್ ಒತ್ತತೊಡಗಿದ.